ಮೀನಿನ ತ್ಯಾಜ್ಯದಿಂದ ಹುಳಿ ರಸಮೇವು

ಮೀನು ಕೊಯ್ಯುವ ಕಟ್ಟೆಯಲ್ಲಿ ಉಳಿಯುವ ತಲೆ, ಕರುಳು, ಕಿವಿರು, ರೆಕ್ಕೆ, ಮುಳ್ಳು, ಸಿಗಡಿಯ ಸಿಪ್ಪೆ ಇವುಗಳನ್ನು ನಾವು ಕಸವೆಂದು ಕರೆಯುತ್ತೇವೆ. ಆದರೆ ಕೋಳಿಗೆ, ಹಂದಿಗೆ, ಕೆರೆಯ ಮೀನಿಗೆ ಬೇಕಾದ ಸಸಾರಜನಕವೂ ತೆಂಗಿಗೆ ಬೇಕಾದ ಸಾರಜನಕವೂ ಈ ಕಸದಲ್ಲಿಯೇ ಇವೆ. ಸಂತೆಯಲ್ಲಿ ಕೊಳ್ಳುವ ದೊಡ್ಡ ಮೀನಿನ ತೂಕದಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಕತ್ತಿಯ ಕೆಳಗೆ ಬೀಳುತ್ತದೆ. ಸಿಗಡಿಯಲ್ಲಿಯೂ ತಲೆ ಮತ್ತು ಸಿಪ್ಪೆಗಳೇ ಹೆಚ್ಚು ಕಡಮೆ ಅರ್ಧ ತೂಕ. ಇದನ್ನು ಹೊಳೆಗೆ ಸುರಿದರೆ ನೀರು ಕೆಡುತ್ತದೆ. ಗುಂಡಿಗೆ ಸುರಿದರೆ ನೊಣ, ನಾಯಿ, ದುರ್ವಾಸನೆ. ನೆರೆಹೊರೆಯವರೊಡನೆ ಜಗಳಕ್ಕೂ ಇದೇ ಕಾರಣವಾಗುತ್ತದೆ.

ಹಾಲನ್ನು ಮೊಸರು ಮಾಡುವ ಜಾತಿಯ ಸೂಕ್ಷ್ಮಾಣು ಜೀವಿಗಳನ್ನೇ ಬಳಸಿ ಈ ತ್ಯಾಜ್ಯವನ್ನು ಹುಳಿಸಿ, ಕೆಡದಂತೆ ತಿಂಗಳುಗಟ್ಟಲೆ ಇಟ್ಟು ಉಪಯೋಗಿಸಬಹುದು. ಹಸಿರು ಜೋಳವನ್ನು ಗುಂಡಿಯಲ್ಲಿ ತುಂಬಿ ಹುಳಿಸಿ ರಸಮೇವು ಮಾಡುವುದು ನಿಮಗೆ ತಿಳಿದೇ ಇದೆ. ಇದೂ ಅದೇ ತತ್ತ್ವ. ಆದ್ದರಿಂದ ಇದನ್ನು ಮೀನಿನ ಹುಳಿ ರಸಮೇವು ಎಂದು ಕರೆಯೋಣ. ಇದಕ್ಕೆ ಬೇಕಾದ ಸಲಕರಣೆ ಒಂದು ಪ್ಲಾಸ್ಟಿಕ್ ಡ್ರಮ್ಮು, ಒಂದು ಮರದ ಕೋಲು, ಸ್ವಲ್ಪ ಬೆಲ್ಲ ಮತ್ತು ಹೆಪ್ಪು.

ಹಿಂದಿನಿಂದ ನಡೆದು ಬಂದದ್ದು

ಕರಾವಳಿಯಲ್ಲಿ ಮೀನು ಗೊಬ್ಬರ ಹೊಸದಲ್ಲ. ಬೂತಾಯಿ ಮೀನು ರಾಶಿಯಾಗಿ ಬಿದ್ದು ಕೊಳ್ಳುವವರಿಲ್ಲದ ದಿನಗಳಲ್ಲಿ ಅದನ್ನು ತೆಂಗಿನ ಬುಡಕ್ಕೆ ಹಾಕುವುದು ಹಳೆಯ ರೂಢಿ. ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯಕ್ಕೆ ಸೇರಿದ್ದಾಗ, 20ನೇ ಶತಮಾನದ ಮೊದಲ ದಶಕಗಳಲ್ಲಿ, ಸರ್ ಫ್ರೆಡರಿಕ್ ನಿಕಲ್ಸನ್ ಅವರ ಪ್ರೋತ್ಸಾಹದಿಂದ ಮಲಬಾರು ಮತ್ತು ಕನ್ನಡ ಕರಾವಳಿಯಲ್ಲಿ ಬೂತಾಯಿಯನ್ನು ಬೇಯಿಸಿ ಎಣ್ಣೆ ತೆಗೆದು, ಉಳಿದ ಹಿಂಡಿಯನ್ನು ಗೊಬ್ಬರವಾಗಿ ಮಾರುವ ಸಣ್ಣ ಕಾರ್ಖಾನೆಗಳು ಎದ್ದವು. ಈಗ ಮಂಗಳೂರು, ಉಡುಪಿ ಭಾಗದಲ್ಲಿ ಮೀನುಹಿಟ್ಟು ಮತ್ತು ಮೀನೆಣ್ಣೆ ತಯಾರಿಸುವ ದೊಡ್ಡ ಕಾರ್ಖಾನೆಗಳಿವೆ. ಆದರೆ ಹಳ್ಳಿಯ ಸಂತೆಯಲ್ಲಿ ದಿನಕ್ಕೆ ಸಿಗುವ 30-40 ಕಿಲೋ ತ್ಯಾಜ್ಯವನ್ನು ಕಾರ್ಖಾನೆಯವರು ಬಂದು ಒಯ್ಯುವುದಿಲ್ಲ. ರೈತನಿಗೆ ಒದಗುವುದು ಇಂತಹ ಸಣ್ಣ ರಾಶಿಯೇ.

ಹುಳಿಯಿಂದ ಮೇವನ್ನು ಕಾಪಾಡುವ ವಿದ್ಯೆಯನ್ನು ವಿಜ್ಞಾನದ ತಳಹದಿಯ ಮೇಲೆ ನಿಲ್ಲಿಸಿದವರು ಫಿನ್ಲೆಂಡಿನ ಎ. ಐ. ವಿರ್ಟನೆನ್. ಹಸಿರು ಮೇವಿಗೆ ಆಮ್ಲ ಬೆರೆಸಿ ಕೆಡದಂತೆ ಇಡುವ ಇವರ ವಿಧಾನಕ್ಕಾಗಿಯೇ 1945ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಉತ್ತರ ಯೂರೋಪಿನ ದೇಶಗಳಲ್ಲಿ ಅದೇ ವಿಧಾನವನ್ನು ಮೀನಿನ ತ್ಯಾಜ್ಯಕ್ಕೂ ಅಳವಡಿಸಿದರು. ಅಲ್ಲಿ ಬಳಸುವುದು ಫಾರ್ಮಿಕ್ ಆಮ್ಲ. ಇದು ಬೇಗ ಕೆಲಸ ಮಾಡುತ್ತದೆ. ಆದರೆ ಮೈಗೆ ಬಿದ್ದರೆ ಸುಡುತ್ತದೆ, ಆವಿ ಕಣ್ಣಿಗೂ ಶ್ವಾಸಕ್ಕೂ ಕೆಡುಕು. ಮನೆಯ ಹಿತ್ತಲಿಗೆ ಇದು ಹೇಳಿಸಿದ್ದಲ್ಲ. ಸೂಕ್ಷ್ಮಾಣು ಜೀವಿಗಳಿಂದಲೇ ಆಮ್ಲವನ್ನು ಮಾಡಿಸಿಕೊಳ್ಳುವುದು ಬಿಸಿ ನಾಡಾದ ನಮಗೆ ಹೊಂದುವ ದಾರಿ.

ಹಾಲು ತಾನಾಗಿ ಹುಳಿಯುತ್ತದೆ, ಮೀನು ಏಕೆ ಕೊಳೆಯುತ್ತದೆ?

ಈ ಪ್ರಶ್ನೆಯ ಉತ್ತರ ತಿಳಿದರೆ ಮುಂದಿನ ಕೆಲಸವೆಲ್ಲ ಸುಲಭ. ಹಾಲಿನಲ್ಲಿ ಸಕ್ಕರೆಯ ಅಂಶವಿದೆ. ಹೆಪ್ಪಿನ ಸೂಕ್ಷ್ಮಾಣುಗಳು ಆ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಉತ್ಪತ್ತಿ ಮಾಡುತ್ತವೆ. ಹುಳಿ ಹೆಚ್ಚಾದಂತೆ ಕೊಳೆಯಿಸುವ ಸೂಕ್ಷ್ಮಾಣುಗಳು ಬದುಕಲಾರವು. ಮೀನಿನಲ್ಲಿ ಸಸಾರಜನಕ ಹೇರಳ, ಸಕ್ಕರೆ ಇಲ್ಲವೆನ್ನುವಷ್ಟು ಕಡಮೆ. ಆದ್ದರಿಂದ ಹುಳಿಸುವ ಸೂಕ್ಷ್ಮಾಣುಗಳಿಗೆ ಆಹಾರವೇ ಇಲ್ಲ, ಕೊಳೆಯಿಸುವವುಗಳಿಗೆ ಹಬ್ಬ. ಇವು ಸಸಾರಜನಕವನ್ನು ಒಡೆದು ಅಮೋನಿಯ ಮತ್ತು ಗಂಧಕದ ಕೆಟ್ಟ ಅನಿಲಗಳನ್ನು ಬಿಡುತ್ತವೆ. ನಮ್ಮ ಮೂಗಿಗೆ ಬರುವ ವಾಸನೆ ಅದೇ.

ಆದುದರಿಂದ ನಾವು ಮಾಡಬೇಕಾದದ್ದು ಎರಡೇ: ಮೀನಿಗೆ ಇಲ್ಲದ ಸಕ್ಕರೆಯನ್ನು ಬೆಲ್ಲ ಅಥವಾ ಕಾಕಂಬಿಯ ರೂಪದಲ್ಲಿ ಕೊಡುವುದು; ಒಳ್ಳೆಯ ಸೂಕ್ಷ್ಮಾಣುಗಳನ್ನು ಹೆಪ್ಪಿನ ರೂಪದಲ್ಲಿ ಸಾಕಷ್ಟು ಸೇರಿಸಿ ಅವು ಮೊದಲು ಬೆಳೆಯುವಂತೆ ಮಾಡುವುದು. ಇದೊಂದು ಓಟದ ಪಂದ್ಯ. ನಮ್ಮ ಕರಾವಳಿಯ ಸೆಕೆಯಲ್ಲಿ ಮೀನು ಕೆಲವೇ ಗಂಟೆಗಳಲ್ಲಿ ಕೆಡತೊಡಗುತ್ತದೆ. ಬೆಳಗಿನ ತ್ಯಾಜ್ಯವನ್ನು ಮಧ್ಯಾಹ್ನದೊಳಗೆ ಡ್ರಮ್ಮಿಗೆ ತುಂಬಿದರೆ ಪಂದ್ಯ ನಿಮ್ಮದು. ಮಾರನೆಯ ದಿನ ತುಂಬಿದರೆ ಸೋತಂತೆಯೇ.

ಇನ್ನೊಂದು ಕೆಲಸ ತಾನಾಗಿಯೇ ನಡೆಯುತ್ತದೆ. ಮೀನಿನ ಕರುಳಿನಲ್ಲಿ ಆಹಾರವನ್ನು ಜೀರ್ಣಿಸುವ ಕಿಣ್ವಗಳಿವೆ. ಹುಳಿಯ ವಾತಾವರಣದಲ್ಲಿ ಇವು ಮಾಂಸದ ಸಸಾರಜನಕವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು ಗಟ್ಟಿಯಾದದ್ದನ್ನು ತೆಳ್ಳನೆಯ ಗಂಜಿಯಂತೆ ಮಾಡುತ್ತವೆ. ಆದ್ದರಿಂದ ತಲೆ, ಮುಳ್ಳುಗಳ ಜೊತೆಗೆ ಕರುಳನ್ನೂ ಸೇರಿಸಲೇಬೇಕು. ಬರಿಯ ತಲೆಗಳನ್ನು ಹಾಕಿದರೆ ಕರಗುವುದು ತಡ.

ಹೆಪ್ಪು ಯಾವುದು?

ಮನೆಯ ಮಜ್ಜಿಗೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಮೊಸರಿನ ಸೂಕ್ಷ್ಮಾಣುಗಳು ಹಾಲಿನ ಸಕ್ಕರೆಗೆ ಒಗ್ಗಿದವು; ಇವುಗಳಲ್ಲಿ ಹಲವು ಬೆಲ್ಲದ ಸಕ್ಕರೆಯನ್ನು ಚೆನ್ನಾಗಿ ಬಳಸಲಾರವು. ಸೊಪ್ಪು ತರಕಾರಿಗಳ ಮೇಲೆ ಬೆಳೆಯುವ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಜಾತಿ ಈ ಕೆಲಸಕ್ಕೆ ಉತ್ತಮ. 2020ರಿಂದ ವಿಜ್ಞಾನಿಗಳು ಇದನ್ನು ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಮ್ ಎಂದು ಕರೆಯುತ್ತಿದ್ದಾರೆ. ಇದನ್ನು ಮನೆಯಲ್ಲಿಯೇ ಹೀಗೆ ಬೆಳೆಸಿಕೊಳ್ಳಬಹುದು.

ಎರಡು ಕಿಲೋ ಎಲೆಕೋಸನ್ನು ಸಣ್ಣಗೆ ಹೆಚ್ಚಿ, 50 ಗ್ರಾಂ ಉಪ್ಪು ಹಾಕಿ ಕೈಯಿಂದ ಚೆನ್ನಾಗಿ ಹಿಸುಕಿರಿ. ನೀರು ಬಿಟ್ಟ ಮೇಲೆ ಒಂದು ಭರಣಿಯಲ್ಲಿ ಒತ್ತಿ ತುಂಬಿ, ಕೋಸು ತನ್ನ ನೀರಿನಲ್ಲಿಯೇ ಮುಳುಗಿರುವಂತೆ ಮೇಲೆ ತಟ್ಟೆ ಮತ್ತು ತೊಳೆದ ಕಲ್ಲನ್ನಿಡಿ. ಐದರಿಂದ ಏಳು ದಿನಗಳಲ್ಲಿ ಒಳ್ಳೆಯ ಹುಳಿ ವಾಸನೆ ಬರುತ್ತದೆ. ಈ ರಸವೇ ಹೆಪ್ಪಿನ ಮೂಲ.

ಈ ರಸವನ್ನು ನೇರವಾಗಿ ದೊಡ್ಡ ಡ್ರಮ್ಮಿಗೆ ಹಾಕದೆ ಮೊದಲು ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಿ. ಬೇಯಿಸಿ ಆರಿಸಿದ ನಾಲ್ಕು ಕಿಲೋ ಮೀನಿನ ತ್ಯಾಜ್ಯಕ್ಕೆ ಅರ್ಧ ಕಿಲೋ ಬೆಲ್ಲ, ಅರ್ಧ ಲೀಟರು ಕೋಸಿನ ರಸ ಬೆರೆಸಿ ಬಕೆಟ್ಟಿನಲ್ಲಿ ಮುಚ್ಚಿಡಿ. ಎರಡು ಮೂರು ದಿನಗಳಲ್ಲಿ ಅದು ಚೆನ್ನಾಗಿ ಹುಳಿದರೆ ಆ ಐದು ಕಿಲೋ ಮಿಶ್ರಣ 100 ಕಿಲೋ ತ್ಯಾಜ್ಯಕ್ಕೆ ಹೆಪ್ಪಾಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಬಾರಿಯೂ ಹಿಂದಿನ ಒಳ್ಳೆಯ ರಸಮೇವಿನಿಂದಲೇ ಐದು ಕಿಲೋ ತೆಗೆದಿಟ್ಟುಕೊಂಡರೆ ಸಾಕು. ಮೊಸರಿಗೆ ಹೆಪ್ಪು ಉಳಿಸಿಕೊಂಡಂತೆಯೇ ಇದು. ಹೆಪ್ಪು ಎಂದಾದರೂ ಸಪ್ಪೆಯಾಯಿತೆಂದು ಕಂಡರೆ ಹೊಸದಾಗಿ ಕೋಸಿನಿಂದ ಆರಂಭಿಸಿ.

ತಯಾರಿಸುವ ವಿಧಾನ

200 ಲೀಟರಿನ ಒಂದು ಪ್ಲಾಸ್ಟಿಕ್ ಡ್ರಮ್ಮಿಗೆ ಬೇಕಾಗುವ ಪ್ರಮಾಣ ಹೀಗಿದೆ:

ತಾಜಾ ಮೀನಿನ ತ್ಯಾಜ್ಯ - 100 ಕಿಲೋ
ಕಾಕಂಬಿ - 15 ಕಿಲೋ, ಅಥವಾ ಅಗ್ಗದ ಬೆಲ್ಲ - 10 ಕಿಲೋ
ಹೆಪ್ಪು - 5 ಕಿಲೋ

ಕಾಕಂಬಿಯಲ್ಲಿ ಹೆಚ್ಚು ಕಡಮೆ ಅರ್ಧ ಭಾಗ ಸಕ್ಕರೆ. ಬೆಲ್ಲದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದಲೇ ಬೆಲ್ಲದ ತೂಕ ಕಡಮೆ. ಬಣ್ಣ ಕೆಟ್ಟ ಕಪ್ಪು ಬೆಲ್ಲ, ನೀರೊಡೆದ ಬೆಲ್ಲ ಆದರೂ ಆಗುತ್ತದೆ. ಕಾಕಂಬಿ ಕೊಳ್ಳುವವರು ಅಬಕಾರಿ ನಿಯಮಗಳನ್ನು ಮೊದಲು ವಿಚಾರಿಸಿಕೊಳ್ಳಬೇಕು.

1. ತ್ಯಾಜ್ಯದಲ್ಲಿರುವ ಗಾಳ, ದಾರ, ಪ್ಲಾಸ್ಟಿಕ್ ಚೀಲ, ಕಲ್ಲುಗಳನ್ನು ಆರಿಸಿ ತೆಗೆಯಿರಿ. ಹೊಟ್ಟೆಯನ್ನು ಚೆಂಡಿನಂತೆ ಉಬ್ಬಿಸಿಕೊಳ್ಳುವ ವಿಷದ ಮೀನು ಕಂಡರೆ ಬೇರೆ ಮಾಡಿ ಹೂಳಿಬಿಡಿ. ಅದರ ವಿಷ ಹುಳಿಯಿಂದಾಗಲಿ ಬೇಯಿಸುವುದರಿಂದಾಗಲಿ ಹೋಗುವುದಿಲ್ಲ.

2. ಎಲ್ಲವನ್ನೂ ಸಣ್ಣಗೆ ಕೊಚ್ಚಿರಿ. ಮಾಂಸ ಕೊಚ್ಚುವ ಯಂತ್ರವಿದ್ದರೆ ಉತ್ತಮ. ಇಲ್ಲವಾದರೆ ಕತ್ತಿಯಿಂದ ಒಂದು ಅಂಗುಲಕ್ಕಿಂತ ಚಿಕ್ಕ ತುಂಡು ಮಾಡಬೇಕು. ತುಂಡು ದೊಡ್ಡದಾದರೆ ಹೊರಗೆ ಹುಳಿ, ಒಳಗೆ ಕೊಳೆ.

3. ಬೆಲ್ಲವನ್ನು ಎಷ್ಟು ಸಾಧ್ಯವೋ ಅಷ್ಟು ಕಡಮೆ ನೀರಿನಲ್ಲಿ ಕರಗಿಸಿ, ಹೆಪ್ಪಿನೊಡನೆ ತ್ಯಾಜ್ಯಕ್ಕೆ ಸುರಿದು ಕೋಲಿನಿಂದ ತಳದವರೆಗೆ ಕಲಸಿರಿ. ಬೆಲ್ಲ ತಲಪದ ಒಂದು ಮೂಲೆಯೂ ಇರಬಾರದು. ಹೆಚ್ಚಿನ ವೈಫಲ್ಯಗಳು ಇಲ್ಲಿಯೇ ಹುಟ್ಟುತ್ತವೆ.

4. ಡ್ರಮ್ಮಿನ ಮೂರನೆಯ ಒಂದು ಭಾಗ ಖಾಲಿಯಿರಲಿ, ಏಕೆಂದರೆ ನೊರೆ ಏಳುತ್ತದೆ. ಮುಚ್ಚಳವನ್ನು ಮೇಲಿಟ್ಟು ಬಟ್ಟೆ ಕಟ್ಟಿರಿ. ನೊಣ ಒಳಗೆ ಹೋಗಬಾರದು, ಒಳಗಿನ ಅನಿಲ ಹೊರಗೆ ಬರಬೇಕು. ಬಿಗಿಯಾಗಿ ತಿರುಪಿದರೆ ಡ್ರಮ್ಮು ಉಬ್ಬಿ ಒಡೆಯುವ ಸಂಭವವುಂಟು.

5. ನೆರಳಿನಲ್ಲಿಡಿ. ಮೊದಲ ಮೂರು ದಿನ ದಿನಕ್ಕೊಮ್ಮೆ ಕಲಕಿ ಮತ್ತೆ ಮುಚ್ಚಿ. ಆ ಮೇಲೆ ತೆರೆಯುವುದು ಎಷ್ಟು ಕಡಮೆಯೋ ಅಷ್ಟು ಒಳ್ಳೆಯದು.

ಕಬ್ಬಿಣ, ತಗಡು, ತಾಮ್ರ, ಅಲ್ಯೂಮಿನಿಯಮ್ ಪಾತ್ರೆಗಳನ್ನು ಬಳಸಬಾರದು. ಹುಳಿ ಇವನ್ನು ತಿನ್ನುತ್ತದೆ. ಸಿಮೆಂಟಿನ ತೊಟ್ಟಿಯೂ ಬೇಡ; ಅದರ ಸುಣ್ಣ ಹುಳಿಯನ್ನು ಕೊಲ್ಲುತ್ತದೆ, ಹುಳಿ ತೊಟ್ಟಿಯನ್ನು ಕೊರೆಯುತ್ತದೆ.

ಹುಳಿ ಸಾಕಷ್ಟಾಯಿತೇ ಎಂದು ತಿಳಿಯುವುದು ಹೇಗೆ?

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರ ಎಂಬ ಅಂಕಿಯನ್ನು ನೀವು ನೋಡಿದ್ದೀರಿ. ಇಲ್ಲಿಯೂ ಅದೇ ಅಳತೆ. ತಾಜಾ ಮೀನಿನ ರಸಸಾರ ಏಳಕ್ಕೆ ಸಮೀಪ. ಅದು ಎರಡು ಮೂರು ದಿನಗಳಲ್ಲಿ 4.5ಕ್ಕಿಂತ ಕೆಳಗೆ ಇಳಿಯಬೇಕು. ಈ ಅಂಕಿಗೆ ಕಾರಣವಿದೆ. ಬಾಟುಲಿಸಮ್ ಎಂಬ ಮಾರಕ ವಿಷವನ್ನು ಉತ್ಪತ್ತಿ ಮಾಡುವ ಸೂಕ್ಷ್ಮಾಣು 4.6ಕ್ಕಿಂತ ಕೆಳಗಿನ ರಸಸಾರದಲ್ಲಿ ಬೆಳೆಯಲಾರದು. ಕೊಳೆಯಿಸುವ ಇತರ ಸೂಕ್ಷ್ಮಾಣುಗಳೂ ಅಲ್ಲಿ ಸೊರಗುತ್ತವೆ.

ಲಿಟ್ಮಸ್ ಕಾಗದ ಹುಳಿಯಿದೆ ಎಂದಷ್ಟೇ ಹೇಳುತ್ತದೆ, ಎಷ್ಟೆಂದು ಹೇಳುವುದಿಲ್ಲ. ಅರಿಸಿನದ ಕಾಗದವೂ ಇಲ್ಲಿ ಪ್ರಯೋಜನವಿಲ್ಲ. ಪ್ರಯೋಗಶಾಲೆಗೆ ಸಾಮಾನು ಮಾರುವ ಅಂಗಡಿಯಲ್ಲಿ ರಸಸಾರ ಅಳೆಯುವ ಕಾಗದದ ಸಣ್ಣ ಪುಸ್ತಕ ಸಿಗುತ್ತದೆ. ಅದನ್ನು ಕೊಂಡಿಟ್ಟುಕೊಳ್ಳಿ. ಕಾಗದವನ್ನು ಅದ್ದಿ, ಬಣ್ಣವನ್ನು ಪುಸ್ತಕದ ಬಣ್ಣದೊಡನೆ ಹೋಲಿಸಿ ನೋಡಿದರಾಯಿತು. ಮೇಲಿನಿಂದಲೂ ತಳದಿಂದಲೂ ಎರಡು ಕಡೆ ಪರೀಕ್ಷಿಸಬೇಕು.

ಒಳ್ಳೆಯ ರಸಮೇವಿಗೆ ಬೆಲ್ಲ ಬೆರೆತ ಹುಳಿ ವಾಸನೆಯಿರುತ್ತದೆ. ಬಣ್ಣ ಕಂದು. ಒಂದು ವಾರದಲ್ಲಿ ಮಾಂಸ ಕರಗಿ, ಮುಳ್ಳು ಮೆತ್ತಗಾಗಿ ತಳ ಸೇರುತ್ತದೆ. ಬೂತಾಯಿ, ಬಂಗುಡೆಗಳ ತ್ಯಾಜ್ಯವಾದರೆ ಮೇಲೆ ಎಣ್ಣೆ ತೇಲುತ್ತದೆ. ಅದನ್ನು ಸೌಟಿನಿಂದ ತೆಗೆದುಬಿಡಿ. ಎಣ್ಣೆ ಕಮಟಿದರೆ ಮೇವು ಕೆಡುತ್ತದೆ, ತಿಂದ ಪ್ರಾಣಿಯ ಮಾಂಸಕ್ಕೂ ಮೊಟ್ಟೆಗೂ ಮೀನಿನ ವಾಸನೆ ಹತ್ತುತ್ತದೆ.

ಮೂರನೆಯ ದಿನವೂ ರಸಸಾರ 5ಕ್ಕಿಂತ ಮೇಲಿದ್ದು, ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ಡ್ರಮ್ಮು ಕೆಟ್ಟಿತೆಂದು ತಿಳಿಯಿರಿ. ಮತ್ತಷ್ಟು ಬೆಲ್ಲ ಹಾಕಿ ಅದನ್ನು ಉಳಿಸಿಕೊಂಡು ಪ್ರಾಣಿಗಳಿಗೆ ತಿನ್ನಿಸಬೇಡಿ. ಬಂಗುಡೆ, ಬೂತಾಯಿ, ಕೇದಾರ ಮೊದಲಾದ ಮೀನುಗಳು ಹಳಸಿದಾಗ ಹಿಸ್ಟಮಿನ್ ಎಂಬ ವಿಷ ಹುಟ್ಟುತ್ತದೆ. ಒಮ್ಮೆ ಹುಟ್ಟಿದ ಮೇಲೆ ಅದು ಹುಳಿಗೂ ಜಗ್ಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಅಂತಹುದನ್ನು ತರಗೆಲೆ, ಹುಲ್ಲು, ತೆಂಗಿನ ನಾರಿನ ಪುಡಿಯ ನಡುವೆ ಹರಡಿ ಮಣ್ಣು ಮುಚ್ಚಿ ಕಾಂಪೋಸ್ಟು ಮಾಡಿ.

ಮೇವಾಗಿ ಬಳಸುವುದು

ಈ ರಸಮೇವಿನಲ್ಲಿ ನೂರಕ್ಕೆ 70 ಪಾಲಿಗಿಂತ ಹೆಚ್ಚು ನೀರು, 13ರಿಂದ 15 ಪಾಲು ಸಸಾರಜನಕ. ಒಳ್ಳೆಯ ಒಣ ಮೀನುಹಿಟ್ಟಿನ ಒಂದು ಕಿಲೋಗೆ ಸಮನಾದ ಸಸಾರಜನಕಕ್ಕೆ ನಾಲ್ಕರಿಂದ ಐದು ಕಿಲೋ ರಸಮೇವು ಬೇಕು. ನೀರು ಹೊರುವುದು ದುಬಾರಿಯಾದ್ದರಿಂದ ದೂರಕ್ಕೆ ಸಾಗಿಸಿ ಮಾರುವ ಆಲೋಚನೆ ಬೇಡ. ಮಾಡಿದ ಊರಿನಲ್ಲಿಯೇ ಬಳಸಬೇಕು.

ಪ್ರಾಣಿಗಳಿಗೆ ಕೊಡುವ ಮೊದಲು ಸ್ಟೀಲಿನ ಪಾತ್ರೆಯಲ್ಲಿ ಒಮ್ಮೆ ಕುದಿಸಿ ಆರಿಸಿ. ಕೆಲವು ಮೀನುಗಳಲ್ಲಿ ಬಿ-1 ಜೀವಸತ್ವವನ್ನು ನಾಶ ಮಾಡುವ ಕಿಣ್ವವಿರುತ್ತದೆ. ಕುದಿಸಿದರೆ ಅದು ಹೋಗುತ್ತದೆ. ರೋಗಾಣುಗಳ ಭಯವೂ ತಪ್ಪುತ್ತದೆ.

ಹಂದಿಗೆ: ಹಾಲು ಬಿಟ್ಟು ಚೆನ್ನಾಗಿ ಬೆಳೆದ ಹಂದಿಗಳಿಗೆ ದಿನಕ್ಕೆ 100 ಗ್ರಾಮಿನಿಂದ ಆರಂಭಿಸಿ, ಎರಡು ವಾರಗಳಲ್ಲಿ ಒಂದು ಕಿಲೋವರೆಗೆ ಏರಿಸಬಹುದು. ತೌಡು, ನುಚ್ಚಿನೊಡನೆ ಕಲಸಿ ಕೊಡಿ. ಮಾರುವುದಕ್ಕೆ ಮೂರು ವಾರ ಮುಂಚೆ ನಿಲ್ಲಿಸಬೇಕು. ಇಲ್ಲದಿದ್ದರೆ ಮಾಂಸ ಮೀನು ನಾರುತ್ತದೆ, ಕೊಳ್ಳುವವನು ಮತ್ತೆ ಬರುವುದಿಲ್ಲ.

ಕೋಳಿ, ಬಾತುಕೋಳಿಗೆ: ತೌಡಿನೊಡನೆ ಒಣಗಿಸಿ ಕೊಡುವುದು ಅನುಕೂಲ. 100 ಕಿಲೋ ರಸಮೇವಿಗೆ 50 ಕಿಲೋ ಎಣ್ಣೆ ತೆಗೆದ ತೌಡು ಬೆರೆಸಿ, ಶುಭ್ರವಾದ ಹಾಳೆಯ ಮೇಲೆ ತೆಳ್ಳಗೆ ಹರಡಿ ಬಿಸಿಲಿಗಿಡಿ. ರಸಮೇವಿನಿಂದ 28 ಕಿಲೋ, ತೌಡಿನಿಂದ 45 ಕಿಲೋ, ಒಟ್ಟು ಸುಮಾರು 73 ಕಿಲೋ ಒಣ ಪದಾರ್ಥ ಉಳಿಯುತ್ತದೆ. ಸ್ವಲ್ಪ ತೇವಾಂಶ ಸೇರಿ 80 ಕಿಲೋ ಎಂದಿಟ್ಟುಕೊಳ್ಳಿ. ಅದರಲ್ಲಿ ಮೀನಿನ 13 ಕಿಲೋ ಮತ್ತು ತೌಡಿನ 7 ಕಿಲೋ ಸಸಾರಜನಕವಿರುತ್ತದೆ, ಅಂದರೆ ನೂರಕ್ಕೆ ಸುಮಾರು 25. ಈ ಒಣ ಮಿಶ್ರಣ ಒಟ್ಟು ಆಹಾರದ ಹತ್ತನೆಯ ಒಂದು ಭಾಗವನ್ನು ಮೀರದಿರಲಿ. ಮೊಟ್ಟೆಯಲ್ಲಿ ವಾಸನೆ ಕಂಡರೆ ಕೂಡಲೇ ಕಡಮೆ ಮಾಡಿ.

ಕೆರೆಯ ಮೀನಿಗೆ: ಕಾಟ್ಲಾ, ರೋಹು ಸಾಕುವವರು ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ಸಮಪಾಲು ಹಾಕುವುದು ವಾಡಿಕೆ. ಹಿಂಡಿಯ ಒಂದು ಭಾಗಕ್ಕೆ ಬದಲಾಗಿ ಮೇಲಿನ ಒಣ ಮಿಶ್ರಣವನ್ನು ಸೇರಿಸಿ ಉಂಡೆ ಮಾಡಿ ಕೊಡಬಹುದು. ಆದರೆ ಸಿಗಡಿ ಸಾಕುವ ಹೊಂಡಗಳಿಗೆ ಸಿಗಡಿ ತ್ಯಾಜ್ಯದ ರಸಮೇವನ್ನು ಎಂದಿಗೂ ಹಾಕಬೇಡಿ. 1994ರಿಂದ ನಮ್ಮ ದೇಶದ ಸಿಗಡಿ ಕೃಷಿಯನ್ನು ಕಾಡುತ್ತಿರುವ ಬಿಳಿ ಚುಕ್ಕೆ ರೋಗ ಇಂತಹ ತ್ಯಾಜ್ಯದ ಮೂಲಕ ಹರಡಬಲ್ಲುದು.

ಹಸು, ಎಮ್ಮೆ, ಆಡು, ಕುರಿಗಳಿಗೆ ಇದನ್ನು ಕೊಡುವುದು ಬೇಡ.

ತೋಟಕ್ಕೆ ಬಳಸುವುದು

ರಸಮೇವಿನಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಸಾರಜನಕವಿದೆ. ಫಲ ಬಿಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ಶಿಫಾರಸು. ಹತ್ತು ಕಿಲೋ ರಸಮೇವಿನಿಂದ ಸುಮಾರು 200 ಗ್ರಾಂ ಸಾರಜನಕ, ಅಂದರೆ ಬೇಕಾದುದರ ಐದರಲ್ಲಿ ಎರಡು ಪಾಲು, ಒದಗುತ್ತದೆ. ಮುಳ್ಳಿನಿಂದ ರಂಜಕವೂ ಸ್ವಲ್ಪ ಸೇರುತ್ತದೆ. ಆದರೆ ಪೊಟ್ಯಾಷ್ ಇದರಲ್ಲಿ ತೀರ ಕಡಮೆ. ತೆಂಗಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಅದೇ. ಮೀನು ಗೊಬ್ಬರ ಹಾಕಿದೆನೆಂದು ಬೂದಿಯನ್ನೂ ಪೊಟ್ಯಾಷನ್ನೂ ಬಿಡುವವರು ಕಾಯಿ ಉದುರುವಾಗ ಪಶ್ಚಾತ್ತಾಪ ಪಡುತ್ತಾರೆ.

ರಸಮೇವು ಹುಳಿಯಾಗಿರುವುದರಿಂದ ಹಾಗೆಯೇ ಬೇರಿನ ಮೇಲೆ ಸುರಿಯಬಾರದು. ಹತ್ತರಿಂದ ಇಪ್ಪತ್ತು ಪಾಲು ನೀರು ಸೇರಿಸಿ ಪಾತಿಯಲ್ಲಿ ಹರಡಿ, ಸೊಪ್ಪು ಮತ್ತು ಮಣ್ಣು ಮುಚ್ಚಬೇಕು. ಒಂದು ಸಲಕ್ಕೆ ಎರಡು ಕಿಲೋ ಮೀರದಂತೆ ವರ್ಷದಲ್ಲಿ ಐದಾರು ಕಂತು ಮಾಡಿದರೆ ಬೇರಿಗೆ ಸುರಕ್ಷಿತ. ಮುಚ್ಚದೆ ಬಿಟ್ಟರೆ ಹಂದಿ, ನಾಯಿಗಳು ಪಾತಿಯನ್ನು ಕೆದರುತ್ತವೆ.

ತರಕಾರಿಗೆ ಸಿಂಪಡಿಸಲು ಮೀನು ಮತ್ತು ಬೆಲ್ಲವನ್ನು ಸಮ ತೂಕ ಬೆರೆಸಿ, ಮೂರು ನಾಲ್ಕು ವಾರ ಇಟ್ಟು, ಸೋಸಿದ ದ್ರವವನ್ನು ಕೆಲವರು ಬಳಸುತ್ತಾರೆ. ಒಂದು ಲೀಟರು ನೀರಿಗೆ ಎರಡರಿಂದ ಐದು ಮಿಲಿಲೀಟರು ಸಾಕು. ಬೆಲ್ಲ ಹೆಚ್ಚು ಹಿಡಿಯುವುದರಿಂದ ಇದು ಸಣ್ಣ ಪ್ರಮಾಣಕ್ಕೆ ಮಾತ್ರ ಸರಿ.

ಸಿಗಡಿ ಸಿಪ್ಪೆಯ ವಿಚಾರ

ಸಿಗಡಿಯನ್ನು ಕೆಲವೆಡೆ ಎಟ್ಟಿ, ಕೆಲವೆಡೆ ಚಟ್ಲಿ ಎನ್ನುತ್ತಾರೆ. ಇದರ ಒಣ ಸಿಪ್ಪೆಯಲ್ಲಿ ಮೂರು ಮುಖ್ಯ ವಸ್ತುಗಳಿವೆ: ಸಸಾರಜನಕ, ಸುಣ್ಣ, ಮತ್ತು ಕೈಟಿನ್. ಕೈಟಿನ್ ಎಂಬುದು ಮರಕ್ಕೆ ನಾರು ಇದ್ದಂತೆ ಸಿಗಡಿ, ಏಡಿ ಮತ್ತು ಕೀಟಗಳ ಕವಚಕ್ಕೆ ಬಲ ಕೊಡುವ ವಸ್ತು. ಇದನ್ನು ಫ್ರಾನ್ಸಿನ ಹೆನ್ರಿ ಬ್ರಾಕೊನೊ 1811ರಲ್ಲಿ ಮೊದಲು ಅಣಬೆಯಲ್ಲಿ ಕಂಡರು. ಕೈಟಿನ್ನಿನಿಂದ ಮಾಡುವ ಕೈಟೊಸಾನ್ ಗಾಯದ ಪಟ್ಟಿಗೆ, ನೀರನ್ನು ತಿಳಿಗೊಳಿಸಲು, ಬೀಜೋಪಚಾರಕ್ಕೆ ಬಳಕೆಯಾಗುತ್ತದೆ.

ಕಾರ್ಖಾನೆಗಳಲ್ಲಿ ಸುಣ್ಣವನ್ನು ಹೈಡ್ರೊಕ್ಲೋರಿಕ್ ಆಮ್ಲದಿಂದಲೂ, ಸಸಾರಜನಕವನ್ನು ಕಾಸ್ಟಿಕ್ ಸೋಡದಿಂದಲೂ ಕರಗಿಸಿ ತೆಗೆದು ಕೈಟಿನ್ ಉಳಿಸಿಕೊಳ್ಳುತ್ತಾರೆ. ಈ ವಿಧಾನದಲ್ಲಿ ಸಸಾರಜನಕ ಬಹುಪಾಲು ಹಾಳಾಗಿ ಚರಂಡಿ ಸೇರುತ್ತದೆ. ಆಮ್ಲ, ಕ್ಷಾರಗಳ ಕೊಳೆನೀರನ್ನು ಶುದ್ಧಿ ಮಾಡುವ ಖರ್ಚು ಬೇರೆ. ಹುಳಿಸುವ ವಿಧಾನದಲ್ಲಿ ಲ್ಯಾಕ್ಟಿಕ್ ಆಮ್ಲ ಸುಣ್ಣವನ್ನು ಕರಗಿಸುತ್ತದೆ, ಕಿಣ್ವಗಳು ಸಸಾರಜನಕವನ್ನು ಒಡೆದು ದ್ರವಕ್ಕೆ ಇಳಿಸುತ್ತವೆ. ಸೋಸಿದಾಗ ದ್ರವದಲ್ಲಿ ಮೇವು, ಜಾಲರಿಯ ಮೇಲೆ ಕೈಟಿನ್ ಹೆಚ್ಚಿರುವ ಸಿಪ್ಪೆ ಎರಡೂ ಸಿಗುತ್ತವೆ. ಬೆಂದ ಸಿಗಡಿಗೆ ಕೆಂಪು ಕೊಡುವ ಅಸ್ಟಾಕ್ಸಾಂತಿನ್ ಎಂಬ ಬಣ್ಣವೂ ಉಳಿಯುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಪೀಡಿಯೊಕಾಕಸ್ ಜಾತಿಯ ಸೂಕ್ಷ್ಮಾಣುವಿನಿಂದ ಸಿಗಡಿ ತ್ಯಾಜ್ಯವನ್ನು ಹುಳಿಸಿ ಇವನ್ನು ಬೇರ್ಪಡಿಸಿ ತೋರಿಸಿದ್ದಾರೆ.

ರೈತರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸಿಪ್ಪೆಯ ಸುಣ್ಣ ಹುಳಿಯನ್ನು ನುಂಗುತ್ತದೆ. ಒಂದು ಕಿಲೋ ಸುಣ್ಣದ ಕಾರ್ಬೊನೇಟನ್ನು ಕರಗಿಸಲು ಸುಮಾರು 1.8 ಕಿಲೋ ಲ್ಯಾಕ್ಟಿಕ್ ಆಮ್ಲ ಬೇಕು. 100 ಕಿಲೋ ಹಸಿ ಸಿಗಡಿ ತ್ಯಾಜ್ಯದಲ್ಲಿ ಐದು ಕಿಲೋ ಸುಣ್ಣವಿದೆ ಎಂದಿಟ್ಟುಕೊಂಡರೆ, ಅದಕ್ಕೇ ಒಂಬತ್ತು ಕಿಲೋ ಆಮ್ಲ, ಅಂದರೆ ಕನಿಷ್ಠ ಒಂಬತ್ತು ಕಿಲೋ ಸಕ್ಕರೆ, ಖರ್ಚಾಗುತ್ತದೆ. ಆದ್ದರಿಂದ ಮೀನಿಗೆ ಹತ್ತು ಕಿಲೋ ಬೆಲ್ಲ ಸಾಕಾದರೆ ಸಿಗಡಿಗೆ 15 ಕಿಲೋ ಬೇಕು. ಅನಿಲವೂ ಹೆಚ್ಚು ಏಳುತ್ತದೆ. ಡ್ರಮ್ಮನ್ನು ಅರ್ಧ ಮಾತ್ರ ತುಂಬಿ. ಹೀಗೆ ಹುಳಿಸಿದರೂ ಸುಣ್ಣ, ಸಸಾರಜನಕಗಳು ಪೂರ್ತಿ ಹೋಗುವುದಿಲ್ಲ. ಮಾರುಕಟ್ಟೆಯ ಶುದ್ಧ ಕೈಟಿನ್ ಮಾಡಲು ಆ ಮೇಲೆ ದುರ್ಬಲ ಆಮ್ಲ, ಕ್ಷಾರಗಳಲ್ಲಿ ತೊಳೆಯಬೇಕು. ಅದು ಕಾರ್ಖಾನೆಯ ಕೆಲಸ. ಕೈಟಿನ್ ಮಾರಿ ಹಣ ಮಾಡುವ ಆಸೆಯಿಂದ ಮನೆಯಲ್ಲಿ ಕಾಸ್ಟಿಕ್ ಸೋಡ ಕುದಿಸಲು ಹೋಗಬೇಡಿ.

ಸೋಸಿ ಉಳಿದ ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿ ತರಕಾರಿ ಪಾತಿಗೆ ಸೇರಿಸುವುದು ನಮಗೆ ಹೆಚ್ಚು ಹೊಂದುತ್ತದೆ. ಮಣ್ಣಿನಲ್ಲಿ ಕೈಟಿನ್ ತಿನ್ನುವ ಸೂಕ್ಷ್ಮಾಣುಗಳು ಇದರಿಂದ ವೃದ್ಧಿಯಾಗುತ್ತವೆ. ಬೇರುಗಂಟು ಜಂತುಹುಳುವಿನ ಮೊಟ್ಟೆಯ ಕವಚದಲ್ಲಿಯೂ, ಹಲವು ರೋಗಕಾರಕ ಶಿಲೀಂಧ್ರಗಳ ಗೋಡೆಯಲ್ಲಿಯೂ ಕೈಟಿನ್ ಇದೆ. ಆ ಸೂಕ್ಷ್ಮಾಣುಗಳು ಅವನ್ನೂ ಬಿಡುವುದಿಲ್ಲ. ಆದರೆ ಅತಿಯಾಗಿ ಹಾಕಿದರೆ ಅಮೋನಿಯ ಹೆಚ್ಚಿ ಸಸಿಯೇ ಬಾಡುತ್ತದೆ. ನಾಟಿಗೆ ಮೂರು ನಾಲ್ಕು ವಾರ ಮೊದಲೇ, ಪ್ರತಿ ಚದರ ಮೀಟರಿಗೆ ಒಂದೆರಡು ಹಿಡಿಯಷ್ಟು ಮಣ್ಣಿಗೆ ಬೆರೆಸಿ ನೀರು ಕೊಡಿ. ಮೊದಲ ಸಲ ಒಂದೆರಡು ಪಾತಿಗಳಲ್ಲಿ ಮಾತ್ರ ಮಾಡಿ ನೋಡಿ.

ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆ

ಡ್ರಮ್ಮಿನಿಂದ ಆರಂಭಿಸಿದವರಿಗೆ ಮುಂದೆ ದೊಡ್ಡ ತೊಟ್ಟಿ ಕಟ್ಟಿಸುವ ಮನಸ್ಸಾಗಬಹುದು. ಆಗ ಇದನ್ನು ನೆನಪಿಡಿ. ಕೊಳೆತ ಮೀನಿನಿಂದ ಹೈಡ್ರೊಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಇದು ಗಾಳಿಗಿಂತ ಭಾರ. ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ. ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ; ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುವುದರಿಂದ ವಾಸನೆ ಹೋಯಿತೆಂದು ತೋರುತ್ತದೆ. 2022ರ ಏಪ್ರಿಲ್ ತಿಂಗಳಲ್ಲಿ ಮಂಗಳೂರಿನ ಬಳಿಯ ಒಂದು ಮೀನು ಸಂಸ್ಕರಣಾ ಘಟಕದ ತ್ಯಾಜ್ಯದ ತೊಟ್ಟಿಯಲ್ಲಿ ಒಬ್ಬ ಕಾರ್ಮಿಕ ಕುಸಿದ. ಅವನನ್ನು ಎತ್ತಲು ಇಳಿದವರೂ ಒಬ್ಬರ ಹಿಂದೆ ಒಬ್ಬರು ಕುಸಿದರು. ಒಟ್ಟು ಐವರು ತೀರಿಕೊಂಡರು. ಎಲ್ಲರೂ ದುಡಿಯಲು ಪಶ್ಚಿಮ ಬಂಗಾಳದಿಂದ ಬಂದವರು.

ಆದ್ದರಿಂದ ಮನುಷ್ಯ ಇಳಿಯುವಷ್ಟು ಆಳದ ತೊಟ್ಟಿಯನ್ನು ಕಟ್ಟಲೇಬೇಡಿ. ಹೆಚ್ಚು ತ್ಯಾಜ್ಯ ಸಿಗುವುದಾದರೆ ಡ್ರಮ್ಮುಗಳ ಸಂಖ್ಯೆ ಹೆಚ್ಚಿಸಿ. ಡ್ರಮ್ಮಿನೊಳಗೆ ತಲೆ ಹಾಕಿ ಮೂಸಿ ನೋಡಬೇಡಿ. ಬಯಲಿನಲ್ಲಿ, ಗಾಳಿಯಾಡುವೆಡೆ ಕೆಲಸ ಮಾಡಿ. ತೊಟ್ಟಿಯಲ್ಲಿ ಯಾರಾದರೂ ಬಿದ್ದರೆ ಹಿಂದೆಯೇ ಇಳಿಯದೆ ಅಗ್ನಿಶಾಮಕ ದಳಕ್ಕೆ ಸುದ್ದಿ ಮುಟ್ಟಿಸಿ.

ಲಾಭ ನಷ್ಟದ ಲೆಕ್ಕ

ತ್ಯಾಜ್ಯ ಬಿಟ್ಟಿ ಸಿಕ್ಕಿದರೂ ಬೆಲ್ಲ ಬಿಟ್ಟಿ ಸಿಗುವುದಿಲ್ಲ. ಹತ್ತು ಕಿಲೋ ಬೆಲ್ಲದ ಬೆಲೆ, ಸಾಗಾಣಿಕೆ, ಒಂದು ದಿನದ ಅರ್ಧ ಆಳಿನ ಕೂಲಿ, ಕುದಿಸುವ ಸೌದೆ ಇವನ್ನು ಕೂಡಿಸಿ. ಇದರಿಂದ ದೊರೆಯುವ 115 ಕಿಲೋ ರಸಮೇವು ಸುಮಾರು 25 ಕಿಲೋ ಒಣ ಮೀನುಹಿಟ್ಟಿಗೆ ಸಮ. ನಿಮ್ಮೂರಿನ ಅಂಗಡಿಯಲ್ಲಿ 25 ಕಿಲೋ ಮೀನುಹಿಟ್ಟಿನ ಬೆಲೆ ಆ ಮೊತ್ತಕ್ಕಿಂತ ಹೆಚ್ಚಿದ್ದರೆ ಮಾತ್ರ ಈ ಕೆಲಸ ಲಾಭ. ಹಂದಿ, ಕೋಳಿ, ಮೀನು ಸಾಕದೆ ತೋಟ ಮಾತ್ರ ಇರುವವರಿಗೆ ಬೆಲ್ಲದ ಖರ್ಚು ಗಿಟ್ಟುವುದು ಕಷ್ಟ. ಅವರು ತ್ಯಾಜ್ಯವನ್ನು ತರಗೆಲೆಯೊಡನೆ ಕಾಂಪೋಸ್ಟು ಮಾಡುವುದೇ ಮೇಲು.

ಕಾಲವನ್ನೂ ಗಮನಿಸಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆಗ ತ್ಯಾಜ್ಯವೂ ಇಲ್ಲ, ಒಣಗಿಸಲು ಬಿಸಿಲೂ ಇಲ್ಲ. ಚಳಿಗಾಲ, ಬೇಸಗೆಯಲ್ಲಿ ಮಾಡಿಟ್ಟ ರಸಮೇವು ಹುಳಿ ಕೆಡದಿದ್ದರೆ ಮಳೆಗಾಲವನ್ನು ದಾಟಿಸುತ್ತದೆ. ತಿಂಗಳಿಗೊಮ್ಮೆ ರಸಸಾರ ನೋಡುತ್ತಿರಬೇಕು. ಮೇಲೆ ಬೂಸ್ಟು ಕಂಡರೆ ಆ ಡ್ರಮ್ಮನ್ನು ಮೇವಿಗೆ ಬಳಸಬಾರದು.

ಒಬ್ಬರೇ ಮಾಡುವುದಕ್ಕಿಂತ ನಾಲ್ಕಾರು ಮನೆಯವರು ಕೂಡಿ, ಮೀನು ಮಾರುವ ಮಹಿಳೆಯರೊಡನೆ ಮಾತಾಡಿ, ದಿನವೂ ಮುಚ್ಚಳದ ಬಕೆಟ್ಟಿನಲ್ಲಿ ತ್ಯಾಜ್ಯ ತೆಗೆದಿಡುವ ಏರ್ಪಾಟು ಮಾಡಿಕೊಂಡರೆ ಉತ್ತಮ. ಅವರಿಗೂ ಕಟ್ಟೆ ಶುಭ್ರವಾಗುವ ಲಾಭವಿದೆ. ಕಿಲೋಗೆ ಇಷ್ಟೆಂದು ಅವರಿಗೆ ಕೊಡುವುದೂ ನ್ಯಾಯ. ಒಳನಾಡಿನ ಕೆರೆ, ಜಲಾಶಯಗಳ ಮೀನು ಮಾರುವ ಊರುಗಳಲ್ಲಿಯೂ ಇದೇ ಕ್ರಮ ನಡೆಯುತ್ತದೆ.

ಶುದ್ಧ ಹೆಪ್ಪು, ರಸಸಾರದ ಪರೀಕ್ಷೆ ಮತ್ತು ಮೇವಿನ ಪ್ರಮಾಣದ ಬಗ್ಗೆ ಸಂದೇಹವಿದ್ದಲ್ಲಿ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವನ್ನಾಗಲಿ, ಮಂಗಳೂರು, ಬ್ರಹ್ಮಾವರ, ಶಿರಸಿಗಳ ಕೃಷಿ ವಿಜ್ಞಾನ ಕೇಂದ್ರಗಳನ್ನಾಗಲಿ ವಿಚಾರಿಸಿ. 1969ರಲ್ಲಿ ಸ್ಥಾಪನೆಯಾದ ಈ ಮಹಾವಿದ್ಯಾಲಯ ದೇಶದ ಮೊದಲ ಮೀನುಗಾರಿಕಾ ಕಾಲೇಜು. ಮೊದಲ ಪ್ರಯತ್ನಕ್ಕೆ ಒಂದು ಬಕೆಟ್ಟು, ನಾಲ್ಕು ಕಿಲೋ ತ್ಯಾಜ್ಯ, ಅರ್ಧ ಕಿಲೋ ಬೆಲ್ಲ ಸಾಕು. ಅದು ಸರಿಯಾಗಿ ಹುಳಿದ ಮೇಲೆಯೇ ಡ್ರಮ್ಮು ಕೊಳ್ಳಿ.